ಹೆಂಚಿನ ಮಾಡಿನ ಹಳೇ ಚರ್ಚು, ಮಳೆಗಾಲದಲ್ಲಿ ಒಳಗೆಲ್ಲ ಕತ್ತಲೆ. ಬೆಳಕಿಗೆ ಏನು ಮಾಡಿಸೋಣ?

ತುಂಗೆ ದಂಡೆ

ಎಲ್ಲರಿಗೂ ನಮಸ್ಕಾರ. ತೀರ್ಥಹಳ್ಳಿ ಕಡೆಯ ಒಂದು ಸಣ್ಣ ಚರ್ಚು ನಮ್ಮದು. 70 ಕುಟುಂಬ ಇರಬಹುದು, ಅರ್ಧ ಜನ ಮನೆಯಲ್ಲಿ ಕೊಂಕಣಿ ಮಾತಾಡುವವರು, ಉಳಿದವರು ಕನ್ನಡ, ತಮಿಳು. ಈ ಸಲ ಪಾಲನಾ ಸಮಿತಿಯಲ್ಲಿ ನನ್ನನ್ನು ಹಾಕಿದ್ದಾರೆ, ಲೈಟಿನ ಕೆಲಸವೂ ನನ್ನ ತಲೆಗೇ ಬಂದಿದೆ. ನಾನು ಅಡಿಕೆ ತೋಟ ನೋಡಿಕೊಳ್ಳುವವನು, ಲೈಟಿನ ವಿಷಯದಲ್ಲಿ ಬಲ್ಬ್ ಬದಲಿಸುವುದು ಬಿಟ್ಟರೆ ಬೇರೇನೂ ಗೊತ್ತಿಲ್ಲ.

ಕಟ್ಟಡ ಹಳೇದು. ಒಳಗಿನ ಅಳತೆ 70 ಅಡಿ ಉದ್ದ, 28 ಅಡಿ ಅಗಲ. ಮಂಗಳೂರು ಹೆಂಚು, ಮರದ ಪಕಾಸಿ, ಸೀಲಿಂಗ್ ಇಲ್ಲ. ಗೋಡೆ 14 ಅಡಿ, ನಡು ಮಾಡು 24 ಅಡಿ ಎತ್ತರ. ಪೀಠ ಪೂರ್ವಕ್ಕೆ, ದೊಡ್ಡ ಬಾಗಿಲು ಪಶ್ಚಿಮಕ್ಕೆ. ಎರಡೂ ಪಕ್ಕ ನಾಲ್ಕು ನಾಲ್ಕು ಕಿಟಕಿ, ಎಲ್ಲ ಮರದ ಬಾಗಿಲಿನವು, ಜೂನ್ ಬಂತೆಂದರೆ ಇರಚಲು ಹೊಡೆಯುತ್ತದೆ ಅಂತ ಮುಚ್ಚಿಬಿಡುತ್ತೇವೆ. ಪೀಠದ ಹಿಂದಿನ ಗೋಡೆಯಲ್ಲಿ ಸುಮಾರು 15 ಅಡಿ ಎತ್ತರಕ್ಕೆ ಒಂದು ದುಂಡು ಕಿಟಕಿ ಇದೆ, ಸಾದಾ ಗಾಜು.

ಮಳೆಗಾಲದಲ್ಲಿ ಬೆಳಿಗ್ಗೆ 8 ಗಂಟೆಯ ಪೂಜೆಗೂ ಒಳಗೆ ಸಂಜೆ ಆದ ಹಾಗೆ ಇರುತ್ತದೆ. ಎರಡು ವರ್ಷದ ಹಿಂದೆ ಊರಿನವರೇ ಒಬ್ಬರು 100 ವ್ಯಾಟಿನ ಆರು ಎಲ್‌ಇಡಿ ಫ್ಲಡ್ ಲೈಟ್ ದಾನ ಕೊಟ್ಟರು. ಪಕ್ಕದ ಗೋಡೆಗಳ ಮೇಲೆ ಹಾಕಿದ್ದೇವೆ. ಬೆಳಕೇನೋ ಬಂತು, ಆದರೆ ವಯಸ್ಸಾದವರು ಕಣ್ಣು ಚುಚ್ಚುತ್ತದೆ ಅನ್ನುತ್ತಾರೆ. ಬೈಬಲ್ ವಾಚನ ಓದುವವರ ಮುಖ ಮಾತ್ರ ಈಗಲೂ ಕಪ್ಪಗೆ ಕಾಣುತ್ತದೆ. ಒಬ್ಬರಂತೂ "ಇದು ದೇವಸ್ಥಾನವೋ ವಾಲಿಬಾಲ್ ಕೋರ್ಟೋ" ಅಂದುಬಿಟ್ಟರು. ದಾನ ಕೊಟ್ಟವರು ಪ್ರತಿ ಭಾನುವಾರ ಎರಡನೇ ಬೆಂಚಿನಲ್ಲೇ ಕೂರುತ್ತಾರೆ, ತೆಗೆಯೋಣ ಅನ್ನಲು ಯಾರಿಗೂ ಬಾಯಿ ಬರುತ್ತಿಲ್ಲ.

ಒಬ್ಬ ಕಂಟ್ರಾಕ್ಟರ್ ಬಂದು ನೋಡಿ ಫಾಲ್ಸ್ ಸೀಲಿಂಗ್, ತೂಗುದೀಪ, ಪೀಠದ ಹಿಂದೆ ಬಣ್ಣ ಬದಲಾಗುವ ಪಟ್ಟಿ ಲೈಟ್ ಎಲ್ಲ ಸೇರಿ 6 ಲಕ್ಷ ಹೇಳಿದರು. ನಮ್ಮ ಕೈಯಲ್ಲಿ ಇರುವುದು 2 ಲಕ್ಷ, ತುಂಬಾ ಎಳೆದರೆ ಎರಡೂವರೆ. ಕಿಟಕಿಗೆ ಬಣ್ಣದ ಗಾಜು ಹಾಕಿಸಬೇಕು ಅಂತ ಯುವಕರಿಗೆ ಆಸೆ. ಮಾಡಿಗೆ ಗಾಜಿನ ಹೆಂಚು ಹಾಕಿಸುವುದಾ, ಪಾರದರ್ಶಕ ಶೀಟ್ ಹಾಕಿಸುವುದಾ? ಕ್ರಿಸ್‌ಮಸ್ ಒಳಗೆ ಏನಾದರೂ ಸ್ವಲ್ಪ ಆದರೆ ಸಾಕು, ಉಳಿದದ್ದು ಬೇಸಿಗೆಯಲ್ಲಿ ಮಾಡಿಸುತ್ತೇವೆ. ತಿಳಿದವರು ಹೇಳಿ.

ಪಕಾಸಿ ರೀಪು

ನಾನು ಶಿವಮೊಗ್ಗದಲ್ಲಿ ಮನೆ, ಕಲ್ಯಾಣಮಂಟಪದ ನಕ್ಷೆ ಮಾಡುವವನು. ಚರ್ಚು ಎರಡು ರಿಪೇರಿ ಮಾಡಿಸಿದ್ದೇನೆ ಅಷ್ಟೇ. ಆದರೂ ನಿಮ್ಮ ಪ್ರಶ್ನೆ ಓದಿ ಸುಮ್ನೆ ಇರಲಾಗಲಿಲ್ಲ, ಸ್ವಲ್ಪ ಉದ್ದ ಆಗುತ್ತದೆ.

ಮೊದಲು ಒಂದು ಲೆಕ್ಕ. 70 ಅಡಿಗೆ 28 ಅಡಿ ಅಂದರೆ ಸುಮಾರು 182 ಚದರ ಮೀಟರ್. ನಿಮ್ಮ ಆರು ಫ್ಲಡ್ ಲೈಟ್ ಒಟ್ಟು 600 ವ್ಯಾಟ್. ಲ್ಯೂಮೆನ್ ಅಂದರೆ ದೀಪ ಕೊಡುವ ಬೆಳಕಿನ ಅಳತೆ, ವ್ಯಾಟಿಗೆ 100 ಹಿಡಿದರೆ 60,000 ಲ್ಯೂಮೆನ್. ಮಾಡು, ಗೋಡೆ ಎಲ್ಲ ನುಂಗಿ ಅರ್ಧ ಹೋಯಿತು ಅಂತಿಟ್ಟುಕೊಳ್ಳಿ, ಉಳಿದ 30,000ವನ್ನು ನೆಲಕ್ಕೆ ಹಂಚಿದರೆ 160 ಲಕ್ಸ್ ಮೇಲೆ ಬರುತ್ತದೆ. ಲಕ್ಸ್ ಅಂದರೆ ಒಂದು ಚದರ ಮೀಟರಿಗೆ ಬೀಳುವ ಲ್ಯೂಮೆನ್. ಜನ ಕೂತು ಹಾಡಿನ ಪುಸ್ತಕ ನೋಡುವ ಜಾಗಕ್ಕೆ 100ರಿಂದ 200 ಲಕ್ಸ್ ಸಾಕು. ಓದುವ ಪೀಠದ ಹತ್ತಿರ 300ರ ಸುತ್ತ ಇದ್ದರೆ ಚೆನ್ನ. ಅಂದರೆ ನಿಮ್ಮ ಚರ್ಚಿನಲ್ಲಿ ಬೆಳಕು ಕಡಿಮೆ ಇಲ್ಲ. ಬೇಡದ ಕಡೆ ಬೀಳುತ್ತಿದೆ, ಅಷ್ಟೇ. ಇನ್ನೂ ನಾಲ್ಕು ಫ್ಲಡ್ ಲೈಟ್ ತಂದು ಹಾಕಿದರೂ ಓದುವವರ ಮುಖ ಕಪ್ಪಗೇ ಕಾಣುತ್ತದೆ.

ಯಾಕೆ ಅಂದರೆ ನಮ್ಮ ಕಣ್ಣು ನೋಡುವುದು ಹೋಲಿಕೆಯನ್ನು. ಮನೆ ಜಗಲಿಯಲ್ಲಿ ಬಿಸಿಲಿಗೆ ಬೆನ್ನು ಮಾಡಿ ನಿಂತವರ ಮುಖ ಒಳಗಿನಿಂದ ಕಾಣುವುದಿಲ್ಲ ಅಲ್ವಾ, ನಿಮ್ಮ ಪೀಠದಲ್ಲಿ ಆಗುತ್ತಿರುವುದೂ ಅದೇ. ಹಿಂದೆ ದುಂಡು ಕಿಟಕಿಯ ಬೆಳಕು, ಮುಂದೆ ಫಾದರ್. ಫಾದರ್ ಜನರ ಕಡೆ ಬೆನ್ನು ಹಾಕಿ ಪೂಜೆ ಮಾಡುತ್ತಿದ್ದ ಕಾಲದಲ್ಲಿ ಇದು ಅಷ್ಟು ತೊಂದರೆ ಕೊಡುತ್ತಿರಲಿಲ್ಲ, ನೋಡಲು ಮುಖವೇ ಇರಲಿಲ್ಲ. 1960ರ ದಶಕದ ಎರಡನೇ ವ್ಯಾಟಿಕನ್ ಸಭೆ ಆದಮೇಲೆ ಜನರ ಕಡೆ ತಿರುಗಿ ನಿಲ್ಲುವುದು ಎಲ್ಲ ಕಡೆ ಬಂತು. ಕಿಟಕಿಗಳು ಮಾತ್ರ ಇದ್ದಲ್ಲೇ ಉಳಿದವು.

ಇನ್ನೊಂದು ಊಹೆ ಹೇಳುತ್ತೇನೆ, ಸರಿಯಾ ನೋಡಿ. ನವೆಂಬರ್‌ನಲ್ಲಿ ಸೂರ್ಯ ಪೂರ್ವದಿಂದ ಸ್ವಲ್ಪ ದಕ್ಷಿಣಕ್ಕೆ ಸರಿದಿರುತ್ತಾನೆ. 8 ಗಂಟೆಗೆ ಇನ್ನೂ ಕೆಳಗೇ ಇರುತ್ತಾನೆ. 15 ಅಡಿ ಎತ್ತರದ ಕಿಟಕಿಯಿಂದ ಬರುವ ಬಿಸಿಲು ಪೀಠಕ್ಕೆ ಎದುರಾಗಿ ಕೂತವರಲ್ಲಿ ಎಡಗಡೆಯವರ ಮುಖಕ್ಕೆ ಹೊಡೆಯಬೇಕು, ಪೀಠದ ಗೋಡೆಯಿಂದ ಸುಮಾರು 30 ಅಡಿ ದೂರ. ಎಡಗಡೆ ನಾಲ್ಕನೆಯದೋ ಐದನೆಯದೋ ಬೆಂಚಿನವರು ಕೈ ಅಡ್ಡ ಹಿಡಿದು ಕೂರುತ್ತಾರಾ?

ಈಗ ಹಗಲು ಬೆಳಕಿನ ಮಾತು. ಮೋಡ ಪೂರ್ತಿ ಮುಚ್ಚಿದ ದಿನ ಆಕಾಶ ಎಲ್ಲ ಕಡೆ ಒಂದೇ ಥರ ಬೆಳಗಿರುವುದಿಲ್ಲ. ನೆತ್ತಿಯ ಮೇಲಿನ ಭಾಗ ಅಂಚಿನ ಭಾಗಕ್ಕಿಂತ ಸುಮಾರು ಮೂರು ಪಟ್ಟು ಹೆಚ್ಚು ಬೆಳಗಿರುತ್ತದೆ. ನಮ್ಮ ಕಡೆ ಕಿಟಕಿಗೆ ಮೂರ್ನಾಲ್ಕು ಅಡಿ ಸೂರು ಬಾಗಿರುತ್ತದೆ, ಆಚೆ ಮರ, ಗುಡ್ಡ. ಕಿಟಕಿಗೆ ಕಾಣುವುದು ಆ ಮಂಕು ಅಂಚು ಮಾತ್ರ. ಅದಕ್ಕೇ ನಮ್ಮ ಹಿರಿಯರು ಅಡಿಗೆಮನೆ ಮಾಡಿಗೆ ಒಂದು ಗಾಜಿನ ಹೆಂಚು ಹಾಕಿದ್ದು. ಒಲೆ ಮುಂದೆ ಆ ಒಂದು ಹೆಂಚಿನ ಬೆಳಕಲ್ಲೇ ಅಮ್ಮ ಅಕ್ಕಿಯ ಕಲ್ಲು ಆರಿಸುತ್ತಿದ್ದರು.

ಒಂದು ಹೆಂಚಿನ ತೆರೆದ ಭಾಗ ಹೆಚ್ಚುಕಡಿಮೆ 0.06 ಚದರ ಮೀಟರ್. ಮೋಡದ ದಿನ ಹೊರಗೆ 8,000 ಲಕ್ಸ್ ಇದೆ ಅಂದುಕೊಂಡು, ಪಾಚಿ ಧೂಳು ಎಲ್ಲ ಕಳೆದರೆ ಒಂದು ಹೆಂಚಿಗೆ 300 ಲ್ಯೂಮೆನ್ ಹತ್ತಿರ ಒಳಗೆ ಬರುತ್ತದೆ. ಹಳೇ 40 ವ್ಯಾಟ್ ಬಲ್ಬಿಗಿಂತ ಸ್ವಲ್ಪ ಕಡಿಮೆ. ಅದೇ ಹೆಂಚಿಗೆ ನೇರ ಬಿಸಿಲು ಬಿದ್ದರೆ 4,000 ಲ್ಯೂಮೆನ್ ಮೀರುತ್ತದೆ, ನೆಲದ ಮೇಲೆ ಉರಿಯುವ ಚೌಕ ಮೂಡುತ್ತದೆ. ಆ ಚೌಕ ನಿಧಾನವಾಗಿ ಸರಿಯುತ್ತಾ ಪ್ರವಚನದ ಮಧ್ಯೆ ಯಾರದೋ ಬೋಳು ತಲೆಯ ಮೇಲೆ ಹತ್ತುತ್ತದೆ, ಮಕ್ಕಳೆಲ್ಲ ಅದನ್ನೇ ನೋಡುತ್ತಾರೆ. ಹಾಗಾಗಿ ಗಾಜಿನ ಹೆಂಚನ್ನು ಜನ ಕೂರುವ ಜಾಗದ ಮೇಲೆ ಚೆಲ್ಲಾಪಿಲ್ಲಿ ಹಾಕಿಸಬೇಡಿ.

ನಾನಾಗಿದ್ದರೆ ಪೀಠದ ಮೇಲೆ, ಪೂರ್ವದ ಗೋಡೆಗೆ ತಾಗಿಕೊಂಡಂತೆ ಉತ್ತರದ ಮಾಡಿನಲ್ಲಿ 12 ಹೆಂಚು, ದಕ್ಷಿಣದ ಮಾಡಿನಲ್ಲಿ 6 ಹಾಕಿಸುತ್ತಿದ್ದೆ. ಬೆಂಚಿನಲ್ಲಿ ಕೂತವರ ಕಣ್ಣಿಗೆ ಹೆಂಚು ಕಾಣಬಾರದು, ಅಲ್ಲಿಂದ ಇಳಿದ ಬೆಳಕು ಗೋಡೆಗೆ ಬಿದ್ದದ್ದು ಮಾತ್ರ ಕಾಣಬೇಕು. ಮೊದಲ ತೊಲೆಗೆ ಎರಡು ಅಡಿಯ ಮರದ ಹಲಗೆ ಅಡ್ಡ ಬಿಗಿದರೆ ಸಾಕು, ಮರೆಯಾಗುತ್ತದೆ. ಫ್ರಾನ್ಸಿನ ರೊಂಶಾಂ ಎಂಬಲ್ಲಿ ವಾಸ್ತುಶಿಲ್ಪಿ ಲ ಕಾರ್ಬೂಸಿಯೆ ಕಟ್ಟಿದ ಪ್ರಾರ್ಥನಾಲಯ 1955ರದ್ದು, ಅಲ್ಲೂ ಇದೇ ಉಪಾಯ. ಗೋಪುರದ ಮೇಲಿನಿಂದ ಬಂದ ಬೆಳಕು ಒರಟು ಬಿಳಿ ಗೋಡೆಯ ಮೇಲೆ ಜಾರುತ್ತಾ ಕೆಳಗಿನ ಸಣ್ಣ ಪೀಠಕ್ಕೆ ಇಳಿಯುತ್ತದೆ. ಅವರದು ಕಾಂಕ್ರೀಟು, ನಮ್ಮದು ಹೆಂಚು. ಉಪಾಯಕ್ಕೆ ಮಾತ್ರ ದುಡ್ಡು ಬೀಳುವುದಿಲ್ಲ.

ಹೆಂಚು ಉತ್ತರಕ್ಕೇ ಇರಲಿ, ಬಿಸಿಲೇ ಬರುವುದಿಲ್ಲ ಅಂತ ಯಾರಾದರೂ ಹೇಳಿದರೆ ನಂಬಬೇಡಿ. ಅದು ಇಂಗ್ಲೆಂಡಿನ ಪುಸ್ತಕದ ಮಾತು. ನಾವಿರುವುದು 14 ಡಿಗ್ರಿ ಅಕ್ಷಾಂಶದ ಹತ್ತಿರ. ಏಪ್ರಿಲ್ ಕೊನೆಯಿಂದ ಆಗಸ್ಟ್ ಮಧ್ಯದ ತನಕ ಮಧ್ಯಾಹ್ನದ ಸೂರ್ಯ ನಮಗೆ ಉತ್ತರದಲ್ಲಿರುತ್ತಾನೆ. ಅದೃಷ್ಟಕ್ಕೆ ಅದರಲ್ಲಿ ಮುಕ್ಕಾಲು ಭಾಗ ಮಳೆಗಾಲ.

ಪಾರದರ್ಶಕ ಶೀಟ್ ಬೇಡವೇ ಬೇಡ. ಕೆಲವೇ ವರ್ಷದಲ್ಲಿ ಹಳದಿ ತಿರುಗುತ್ತದೆ, ಅದಕ್ಕಿಂತ ಹೆಚ್ಚಾಗಿ ಮಳೆ ಸದ್ದು. ಜಡಿಮಳೆ ಶೀಟ್ ಮೇಲೆ ಬಿದ್ದರೆ ಮೈಕ್ ಇದ್ದರೂ ಪ್ರವಚನ ಕೇಳಿಸಲ್ಲ.

ಫಾಲ್ಸ್ ಸೀಲಿಂಗಂತೂ ಆಣೆ ಹಾಕಿ ಬೇಡ ಅನ್ನುತ್ತೇನೆ. 24 ಅಡಿ ಎತ್ತರದ ಮಾಡನ್ನು ಮುಚ್ಚಿ 12 ಅಡಿಗೆ ಇಳಿಸಿದರೆ ಸೊಸೈಟಿ ಆಫೀಸಾಗುತ್ತದೆ. ಮೇಲೆ ಇಲಿ, ಬಾವಲಿ. ಹೆಂಚು ಸೋರಿದ್ದು ಬೋರ್ಡು ಕುಸಿದ ಮೇಲೆಯೇ ಗೊತ್ತಾಗುವುದು.

ಬಣ್ಣದ ಗಾಜಿನ ಬಗ್ಗೆ ಯುವಕರಿಗೆ ಬೇಜಾರಾಗಬಹುದು. ಮೈಸೂರಿನ ಸೇಂಟ್ ಫಿಲೋಮಿನಾದಲ್ಲಿ ಚೆನ್ನಾಗಿ ಕಾಣುತ್ತದೆ, ಅಲ್ಲಿ ಬಿಸಿಲಿದೆ, ಕಿಟಕಿಗಳೂ ದೊಡ್ಡವು. ಪ್ಯಾರಿಸ್ಸಿನಲ್ಲೂ ಮೋಡ ಇರುತ್ತದಲ್ಲ ಅಂದರೆ, 1248ರಲ್ಲಿ ಮುಗಿದ ಅಲ್ಲಿನ ಪ್ರಾರ್ಥನಾಲಯ ಸೇಂತ್ ಶಾಪೆಲ್‌ನಲ್ಲಿ 15 ಮೀಟರ್ ಎತ್ತರದ ಗಾಜು ಸುತ್ತಲೂ ನಿಂತಿದೆ, ಅಲ್ಲಿ ಗೋಡೆಯೇ ಗಾಜು. ನಿಮ್ಮದು ಮೂರು ಅಡಿ ಅಗಲದ, ಸೂರಿನ ಕೆಳಗಿನ ಕಿಟಕಿ. ಅದಕ್ಕೆ ಕಡು ನೀಲಿ, ಕಡು ಕೆಂಪು ಗಾಜು ಹಾಕಿದರೆ ಜುಲೈನಲ್ಲಿ ಕಪ್ಪು ಹಲಗೆ ಥರ ಕಾಣುತ್ತದೆ. ಬದಲಿಗೆ ಕಿಟಕಿ ಬಾಗಿಲಿನ ಮೇಲಿನ ಅರ್ಧಕ್ಕೆ ಸಾದಾ ಗಾಜು ಕೂರಿಸಿ, ಇರಚಲಿಗೆ ಮುಚ್ಚಿದರೂ ಬೆಳಕು ಬರಲಿ. ಬಣ್ಣ ಬೇಕೇ ಬೇಕು ಅಂದರೆ ಪಶ್ಚಿಮದ ಬಾಗಿಲ ಮೇಲೆ ಎಲ್ಲಾದರೂ ಜಾಗ ಇದ್ದರೆ ತಿಳಿ ಹಳದಿ, ತಿಳಿ ಹಸಿರಿನ ತುಂಡು ಹಾಕಿ. ಸಂಜೆ ನೊವೆನಾ ಪ್ರಾರ್ಥನೆಗೆ ಚೆಂದ ಕಾಣುತ್ತದೆ.

ಗೋಡೆ ಬಣ್ಣ ಯಾವುದು ಅಂತ ನೀವು ಬರೆದಿಲ್ಲ.

ತುಂಗೆ ದಂಡೆ

ಸರ್, ನಾಲ್ಕನೇ ಬೆಂಚು! ಎಡಗಡೆ ಹೆಂಗಸರು ಕೂರುವುದು, ನಾಲ್ಕನೇ ಬೆಂಚಿನವರು ತಲೆಯ ಮೇಲಿನ ಸೆರಗನ್ನು ಹಣೆ ತನಕ ಎಳೆದುಕೊಂಡು ಕೂರುತ್ತಾರೆ. ಭಕ್ತಿ ಅಂದುಕೊಂಡಿದ್ದೆವು.

ಗೋಡೆ ಕೆಳಗೆ ನಾಲ್ಕು ಅಡಿ ಕಾಫಿ ಬಣ್ಣದ ಎನಾಮೆಲ್, ಮೇಲೆ ಕ್ರೀಮ್. ಅದೂ ಹೊಳೆಯುವ ಪೇಂಟ್, ತೊಳೆಯಲು ಸುಲಭ ಅಂತ.

ಪಕಾಸಿ ರೀಪು

ಹೊಳೆಯುವ ಪೇಂಟಿನಲ್ಲಿ ಪ್ರತಿ ಲೈಟಿನ ಬಿಂಬ ಕಾಣುತ್ತದೆ, ಕಣ್ಣು ಚುಚ್ಚುವುದಕ್ಕೆ ಅದೂ ಕಾರಣ. ಕೆಳಗಿನ ಕಾಫಿ ಬಣ್ಣ ಇರಲಿ, ಮಳೆಗಾಲದ ಕೆಸರಿಗೆ ಅದು ಬೇಕು. ಮೇಲೆ ಮಾತ್ರ ಹೊಳಪಿಲ್ಲದ ಬಿಳಿ ಹೊಡೆಸಿ. ಸುಣ್ಣದಂಥ ಬಿಳಿ ಗೋಡೆ ಬಿದ್ದ ಬೆಳಕಿನಲ್ಲಿ ಮುಕ್ಕಾಲು ಪಾಲು ವಾಪಸ್ ಕೊಡುತ್ತದೆ. ಹಳೇ ಮರ, ಹೊಗೆ ಹಿಡಿದ ಹೆಂಚು ಹತ್ತಕ್ಕೆ ಒಂದೋ ಎರಡೋ ಪಾಲು ಕೊಟ್ಟರೆ ಹೆಚ್ಚು. ಎರಡೂವರೆ ಲಕ್ಷದಲ್ಲಿ ಮೊದಲು ಖರ್ಚಾಗಬೇಕಾದ್ದು ಈ ಬಿಳಿ ಬಣ್ಣಕ್ಕೆ. ಇದನ್ನು ಯಾವ ಲೈಟ್ ಮಾರುವವರೂ ನಿಮಗೆ ಹೇಳುವುದಿಲ್ಲ.

ಕಪಿಸೈನ್ಯ

ಗಾಜಿನ ಹೆಂಚು ಎಲ್ಲ ಸರಿ, ಮಂಗಗಳ ಲೆಕ್ಕ ಯಾರು ಹಾಕಿದಿರಿ? ನಮ್ಮ ಹೊಸನಗರದ ಮನೆಯಲ್ಲಿ ಮೂರು ಗಾಜಿನ ಹೆಂಚು ಹಾಕಿಸಿದ್ದೆವು, ಒಂದೇ ವರ್ಷದಲ್ಲಿ ಎರಡು ಪುಡಿ. ಹೆಂಚಿನ ಮೇಲೆ ದಪ್ಪ ತಂತಿಯ ಜಾಲರಿ ಹಾಕಿಸಿ, ಮತ್ತೆ ನಾಲ್ಕು ಹೆಂಚು ಹೆಚ್ಚಿಗೆ ತಂದು ಅಟ್ಟದಲ್ಲಿ ಇಟ್ಟಿರಿ. ಆಮೇಲೆ ಹುಡುಕಿದರೆ ಅದೇ ಅಳತೆಯದು ಸಿಗಲ್ಲ, ಒಂದೊಂದು ಕಾರ್ಖಾನೆಯ ಹೆಂಚಿನ ಕಚ್ಚು ಒಂದೊಂದು ಥರ.

ಸಾಗರದ ವೈರಿಂಗ್

ನಾನು 22 ವರ್ಷದಿಂದ ವೈರಿಂಗ್ ಮಾಡ್ತಾ ಇದ್ದೇನೆ. ಮೇಲಿನ ಸರ್ ಹೇಳಿದ ಲಕ್ಸು ಗಿಕ್ಸು ನನಗೆ ಅಷ್ಟಾಗಿ ಗೊತ್ತಾಗಲ್ಲ. ಆದರೆ ಎತ್ತರದಲ್ಲಿ ಹಾಕಿದ ಲೈಟು ಯಾಕೆ ಹೋಗುತ್ತದೆ ಅಂತ ಗೊತ್ತು.

ಅಣ್ಣ, ಲೈಟು ಕೊಳ್ಳುವ ಮೊದಲು ಏಣಿ ಲೆಕ್ಕ ಹಾಕಿ. ಕಂಟ್ರಾಕ್ಟರ್ ಹೇಳಿದ ತೂಗುದೀಪ 20 ಅಡಿ ಮೇಲೆ ನೇತಾಡಿದರೆ ಒಂದು ಬಲ್ಬ್ ಬದಲಿಸಲು ಬೆಂಚು ಸರಿಸಿ ಸಾರುವೆ ಕಟ್ಟಬೇಕು. ನಾಲ್ಕು ಬಲ್ಬ್ ಹೋಗುವ ತನಕ ಯಾರೂ ಕೈ ಹಾಕಲ್ಲ, ಆಮೇಲೆ ಹಲ್ಲು ಬಿದ್ದ ಬಾಯಿ ಥರ ಕಾಣುತ್ತದೆ. ನಿಮ್ಮ 14 ಅಡಿ ಗೋಡೆಯ ತಲೆ ಮೇಲೆ, ಪಕಾಸಿ ಕೂರುವ ತೊಲೆಯ ಪಕ್ಕ ಲೈಟ್ ಇರಲಿ, ಒಂದು ಏಣಿಗೆ ಎಟುಕಬೇಕು.

ಎಲ್‌ಇಡಿಯಲ್ಲಿ ಸಾಮಾನ್ಯವಾಗಿ ಸಾಯುವುದು ದೀಪ ಅಲ್ಲ, ಅದರ ಡ್ರೈವರ್, ಅಂದರೆ ದೀಪಕ್ಕೆ ಬೇಕಾದ ಹಾಗೆ ಕರೆಂಟು ಹೊಂದಿಸಿ ಕೊಡುವ ಭಾಗ. ನಮ್ಮ ಕಡೆ ಮಳೆ ಶುರುವಾಗುವ ಮೊದಲು ಸಿಡಿಲು, ಆಮೇಲೆ ಲೈನ್ ಮೇಲೆ ಮರ ಬಿದ್ದು ಕರೆಂಟು ಹೋಗಿ ಬಂದು ಮಾಡುವಾಗ ವೋಲ್ಟೇಜ್ ಏರಿಳಿತ. ಮೇನ್ ಬೋರ್ಡಿನಲ್ಲಿ ವೋಲ್ಟೇಜ್ ಒಮ್ಮೆಲೇ ಏರಿದರೆ ತಡೆಯುವ ಒಂದು ಸರ್ಜ್ ಪ್ರೊಟೆಕ್ಟರ್ ಹಾಕಿಸಿ, ಅರ್ತಿಂಗ್ ಸರಿ ಇದೆಯಾ ನೋಡಿಸಿ. ಅರ್ತಿಂಗ್ ಸರಿ ಇಲ್ಲದೆ ಸರ್ಜ್ ಪ್ರೊಟೆಕ್ಟರ್ ಹಾಕಿದರೆ ಕೊಡೆಗೆ ಬಟ್ಟೆ ಇಲ್ಲದ ಹಾಗೆ. ಡ್ರೈವರ್ ಬೇರೆ, ದೀಪ ಬೇರೆ ಇರುವಂಥ ಲೈಟ್ ತಗೊಳ್ಳಿ, ಡ್ರೈವರ್‌ಗಳನ್ನು ಸಾಕ್ರಿಸ್ಟಿಯ (ಫಾದರ್ ಪೂಜೆಗೆ ಸಿದ್ಧವಾಗುವ ಕೋಣೆ) ಗೋಡೆಯಲ್ಲಿ ಒಂದು ಪೆಟ್ಟಿಗೆಯಲ್ಲಿ ಕೈಗೆ ಸಿಗುವ ಎತ್ತರಕ್ಕೆ ಇಡಬಹುದು. ದೂರ ಜಾಸ್ತಿ ಆದರೆ ವೈರ್ ದಪ್ಪ ಬೇಕು, ನಿಮ್ಮ ಕಡೆಯ ವೈರಿಂಗ್‌ನವರಿಗೆ ಹೇಳಿ.

ಸ್ವಿಚ್ಚಿನ ವಿಷಯ. ಮೊಬೈಲಿನಲ್ಲಿ ನಡೆಸುವ ಲೈಟ್ ಅಂತ ಯಾರಾದರೂ ಬಂದರೆ ಕಾಫಿ ಕೊಟ್ಟು ಕಳಿಸಿ. ಚರ್ಚು ನೋಡಿಕೊಳ್ಳುವವರು ಬೆಳಿಗ್ಗೆ ಐದೂವರೆಗೆ ಒದ್ದೆ ಕೈಯಲ್ಲಿ ಬಂದು ಒತ್ತುವಂತಿರಬೇಕು. ನಾಲ್ಕು ಸ್ವಿಚ್ ಸಾಕು: ಪೀಠದ ಗೋಡೆ, ಪೀಠ ಮತ್ತು ಓದುವ ಜಾಗ, ಜನ ಕೂರುವ ಕಡೆ, ಕಾಯರ್ (ಹಾಡುವವರ ಜಾಗ). ಪ್ರತಿ ಸ್ವಿಚ್ಚಿನ ಮೇಲೆ ಕನ್ನಡದಲ್ಲಿ ಬರೆದು ಅಂಟಿಸಿ. ಪೀಠ ಮತ್ತು ಓದುವ ಜಾಗದ್ದು 80 ವ್ಯಾಟ್ ಒಳಗೆ ಬರುತ್ತದೆ. ಅದೊಂದನ್ನೇ ಇನ್‌ವರ್ಟರ್‌ಗೆ ಕೊಟ್ಟರೆ 150 ಎಎಚ್ ಬ್ಯಾಟರಿಯಲ್ಲಿ ಪೂರ್ತಿ ಪೂಜೆ ಏನು, ಮೂರು ಪೂಜೆ ಮುಗಿಯುತ್ತದೆ. 600 ವ್ಯಾಟ್ ಫ್ಲಡ್ ಲೈಟಿಗೆ ಕೊಟ್ಟರೆ ಪ್ರವಚನ ಉದ್ದ ಆದ ದಿನ ಕಷ್ಟ.

ಹುಳದ ಬಗ್ಗೆ ಯಾರೂ ಹೇಳಿಲ್ಲ. ಮೊದಲ ಮಳೆಗೆ ಈಸಲು ಹುಳ ಏಳುತ್ತದಲ್ಲ, ನಿಮ್ಮ ಬಿಳಿ ಫ್ಲಡ್ ಲೈಟಿಗೆ ಊರಿನ ಹುಳ ಎಲ್ಲ ಬಂದು ರೆಕ್ಕೆ ಉದುರಿಸಿ ಹೋಗುತ್ತದೆ. ಹಳದಿ ಬಣ್ಣದ ಬೆಳಕಿಗೆ ಬರುವುದು ಕಡಿಮೆ. 3000 ಕೆಲ್ವಿನ್ ಅಂತ ಡಬ್ಬದ ಮೇಲೆ ಬರೆದಿರುತ್ತದೆ, ಅದನ್ನು ಕೇಳಿ ತಗೊಳ್ಳಿ. 6500 ಇರುವುದೇ ಬಿಳಿ.

ದಾನದ ಲೈಟಿಗೆ ನನ್ನದೊಂದು ಉಪಾಯ. ಎರಡನ್ನು ಗೇಟಿನ ಹತ್ತಿರ, ಎರಡನ್ನು ಗಾಡಿ ನಿಲ್ಲಿಸುವ ಕಡೆ, ಎರಡನ್ನು ಸಮಾಧಿಗೆ ಹೋಗುವ ದಾರಿಗೆ ಹಾಕಿ. ಕೆಳಗೆ ದಾನಿಯ ಹೆಸರಿನ ಸಣ್ಣ ಫಲಕ. ಒಳಗಿದ್ದಾಗ ಹೆಸರು ಯಾರು ಓದುತ್ತಿದ್ದರು?

ಕೊನೆಯದಾಗಿ, ಸುಮ್ನೆ ಕೊಳ್ಳಬೇಡಿ. ಎರಡು ಸ್ಪಾಟ್‌ಲೈಟ್ ಅಂಗಡಿಯಿಂದ ಹೇಳಿ ತನ್ನಿ, ಬಿದಿರಿನ ಗಳಕ್ಕೆ ಕಟ್ಟಿ, ಸಂಜೆ 7ಕ್ಕೆ ಇಬ್ಬರು ಹಿಡಿದು ನಿಲ್ಲಿ. ಒಬ್ಬರು ಓದಲಿ, ಕಣ್ಣು ಮಂಜಾದ ಅಜ್ಜಿ ಒಬ್ಬರು ಹಿಂದಿನ ಬೆಂಚಿನಲ್ಲಿ ಕೂರಲಿ. ಅಜ್ಜಿ ಒಪ್ಪಿದ ಕಡೆ ಮೊಳೆ ಹೊಡೆಯಿರಿ.

ಪಕಾಸಿ ರೀಪು

ಈ ಬಿದಿರಿನ ಪರೀಕ್ಷೆಗೆ ನನ್ನದೂ ಒಂದು ಮಾತು. ಸ್ಪಾಟ್ ಅನ್ನು ನೇರ ಎದುರಿನಿಂದ ಹಾಕಬೇಡಿ, ಓದುವವರ ಕಣ್ಣಿಗೇ ಹೊಡೆಯುತ್ತದೆ. ನೆತ್ತಿಯಿಂದಲೂ ಬೇಡ, ಕಣ್ಣಿನ ಗುಳಿ ಕಪ್ಪಾಗಿ ಯಕ್ಷಗಾನದ ಬಣ್ಣದ ವೇಷದ ಹಾಗೆ ಕಾಣುತ್ತಾರೆ. ಎರಡೂ ಪಕ್ಕದಿಂದ, 45 ಡಿಗ್ರಿ ಓರೆಯಾಗಿ, ಒಂದು ಸ್ವಲ್ಪ ಜೋರು, ಇನ್ನೊಂದು ಮಂದ. ತಲಾ 15ರಿಂದ 20 ವ್ಯಾಟ್ ಸಾಕು. ಡಬ್ಬದ ಮೇಲೆ ಸಿಆರ್‌ಐ (ಬಣ್ಣ ಎಷ್ಟು ನಿಜವಾಗಿ ಕಾಣುತ್ತದೆ ಅನ್ನುವ ಅಂಕಿ) 90 ಅಥವಾ ಮೇಲೆ ಇರಲಿ, ಇಲ್ಲದಿದ್ದರೆ ಚರ್ಮದ ಬಣ್ಣ ಸತ್ತುಹೋಗುತ್ತದೆ, ಫಾದರ್ ತೊಟ್ಟ ಕೆಂಪು ವಸ್ತ್ರವೂ ಇಟ್ಟಿಗೆ ಬಣ್ಣಕ್ಕೆ ತಿರುಗುತ್ತದೆ. ಮೊಬೈಲಿನಲ್ಲಿ ಲಕ್ಸ್ ಅಳೆಯುವ ಆಪ್ ಹಾಕಿಕೊಳ್ಳಿ. ಅಂಕಿ ಪೂರ್ತಿ ನಂಬಬೇಡಿ, ಹೋಲಿಕೆ ಮಾತ್ರ ನೋಡಿ. ಓದುವವರ ಮುಖದ ಹತ್ತಿರ ಬರುವ ಅಂಕಿ ಬೆಂಚಿನ ಅಂಕಿಗಿಂತ ಎರಡು ಮೂರು ಪಟ್ಟು ಇದ್ದರೆ ಕಣ್ಣು ತಾನಾಗಿ ಅಲ್ಲಿಗೆ ಹೋಗುತ್ತದೆ.

ಮೇಣದಬತ್ತಿ

ಎಲ್ಲರೂ ಬೆಳಕಿನ ಬಗ್ಗೆಯೇ ಬರೆದಿದ್ದೀರಿ. ಕತ್ತಲೆಯ ಪರವಾಗಿ ನಾನೊಂದು ಮಾತು ಹೇಳಲಾ?

ನಾನು ಕೊಪ್ಪದ ಕಡೆಯವಳು, ಈಗ ಬೆಂಗಳೂರು. ಅಜ್ಜಿಯ ಊರಿನ ಚರ್ಚು ಕೂಡ ಹೀಗೇ ಕತ್ತಲೆ ಇತ್ತು. ಮಳೆಯಲ್ಲಿ ನೆನೆದ ಕೊಡೆಗಳನ್ನು ಬಾಗಿಲಲ್ಲಿ ಸಾಲಾಗಿ ಒರಗಿಸಿ ಒಳಗೆ ಹೋದರೆ ಮೊದಲು ಏನೂ ಕಾಣುತ್ತಿರಲಿಲ್ಲ. ಪರಮಪ್ರಸಾದದ ಪೆಟ್ಟಿಗೆಯ ಪಕ್ಕದ ಸಣ್ಣ ಕೆಂಪು ದೀಪ ಒಂದೇ. ಅದನ್ನೇ ನೋಡುತ್ತಾ ನಡೆದರೆ ಬೆಂಚು ಹತ್ತಿರ ಬರುವಷ್ಟರಲ್ಲಿ ಕಣ್ಣು ಹೊಂದಿಕೊಂಡಿರುತ್ತಿತ್ತು. ಈಗ ಅಲ್ಲಿ ಟ್ಯೂಬ್‌ಲೈಟಿನ ಸಾಲು ಇದೆ. ಕೆಂಪು ದೀಪ ಉರಿಯುತ್ತಿದೆಯೋ ಇಲ್ಲವೋ ಅಂತ ಹತ್ತಿರ ಹೋಗಿ ನೋಡಬೇಕು.

ಜಪಾನಿನ ಒಸಾಕಾ ಹತ್ತಿರ ವಾಸ್ತುಶಿಲ್ಪಿ ತದಾವೊ ಆಂಡೊ 1989ರಲ್ಲಿ ಕಟ್ಟಿದ ಬೆಳಕಿನ ಚರ್ಚು ಅಂತ ಒಂದಿದೆ. ಕಾಂಕ್ರೀಟ್ ಪೆಟ್ಟಿಗೆ, ಪೀಠದ ಹಿಂದಿನ ಗೋಡೆಯಲ್ಲಿ ಶಿಲುಬೆಯ ಆಕಾರದ ಸೀಳು. ಒಳಗೆ ಕತ್ತಲೆ ಇರುವುದರಿಂದಲೇ ಆ ಶಿಲುಬೆ ಉರಿಯುವುದು. ಪಕಾಸಿ ರೀಪು ಸರ್ ಲೆಕ್ಕದಲ್ಲಿ ಅದು ತಪ್ಪು ಕಿಟಕಿ, ಅಲ್ವಾ?

ಪಾಸ್ಕ ಜಾಗರಣೆಯ ರಾತ್ರಿ, ಅಂದರೆ ಈಸ್ಟರ್ ಹಿಂದಿನ ರಾತ್ರಿ ನೆನಪಿಡಿ. ಹೊರಗೆ ಬೆಂಕಿ ಹಚ್ಚಿ, ದೊಡ್ಡ ಮೇಣದಬತ್ತಿ ಹೊತ್ತಿಸಿ ಕತ್ತಲೆಯ ಚರ್ಚಿನೊಳಗೆ ತರುತ್ತಾರೆ. ಮೂರು ಕಡೆ ನಿಲ್ಲುತ್ತಾರೆ, ಒಬ್ಬರ ಬತ್ತಿಯಿಂದ ಇನ್ನೊಬ್ಬರ ಬತ್ತಿಗೆ ಬೆಂಕಿ ಹರಿಯುತ್ತದೆ, ಮೂರನೆಯ ಸಲ ಆದಮೇಲೆ ಕರೆಂಟ್ ಲೈಟು. ಆ ಹೊತ್ತಿಗೆ ಎಲ್ಲ ಲೈಟೂ ಪೂರ್ತಿ ಆರಬೇಕು, ಪೀಠದ ಹಿಂದೆ ನೀಲಿ ಪಟ್ಟಿ ಮಿಣುಕುತ್ತಾ ಇರಬಾರದು. ಬೆಳಗಿಸುವಾಗಲೂ ಒಂದೇ ಸಲಕ್ಕೆ ಫಟ್ ಅಂತ ಬೇಡ. ಮೇಣದ ಬೆಳಕು 1900 ಕೆಲ್ವಿನ್ ಹತ್ತಿರ, ಅದರ ಮೇಲೆ 6500ರ ಬಿಳಿ ಸುರಿದರೆ ಕೈಯಲ್ಲಿದ್ದ ಬತ್ತಿ ಸತ್ತುಹೋಗುತ್ತದೆ.

ಪಕಾಸಿ ರೀಪು

ಮೇಡಂ, ಸಿಕ್ಕಿಬಿದ್ದೆ. ಆಂಡೊ ಚರ್ಚಿನಲ್ಲಿ ಸೀಳಿನ ಮುಂದೆ ನಿಂತವರ ಮುಖ ಕಷ್ಟವೇ, ಆದರೆ ಅಲ್ಲಿ ನೋಡಬೇಕಾದ್ದು ಆ ಗೋಡೆ. ಇಲ್ಲಿನ ದುಂಡು ಕಿಟಕಿಗೆ ಆ ಜವಾಬ್ದಾರಿ ಯಾರೂ ಕೊಟ್ಟಿಲ್ಲ, ಗಾಳಿಗೆ ಅಂತ ಬಿಟ್ಟಿರಬೇಕು. ಆದರೆ ನಿಮ್ಮ ಕೆಂಪು ದೀಪದ ಮಾತಿಗೆ ಒಪ್ಪುತ್ತೇನೆ. ಪೆಟ್ಟಿಗೆಯ ಸುತ್ತ ಮೂರು ಅಡಿ ಬೇರೆ ಯಾವ ಸ್ಪಾಟೂ ಬೀಳದ ಹಾಗೆ ತಿರುಗಿಸಿ, ದೀಪ ತಾನೇ ಕಾಣುತ್ತದೆ. ಜನ ಕೂರುವ ಕಡೆಯ ಸ್ವಿಚ್ಚಿಗೆ ಒಂದು ಡಿಮ್ಮರ್ ಹಾಕಿಸಿ, ಪಾಸ್ಕ ರಾತ್ರಿ ನಿಧಾನಕ್ಕೆ ಏರಿಸಬಹುದು. ಎಲ್ಲ ಎಲ್‌ಇಡಿಯೂ ಡಿಮ್ ಆಗಲ್ಲ, ಕೇಳಿ ತಗೊಳ್ಳಬೇಕು, ಇಲ್ಲದಿದ್ದರೆ ಮಿಣಮಿಣ ಅನ್ನುತ್ತದೆ.

ತುಂಗೆ ದಂಡೆ

ಎಲ್ಲರಿಗೂ ಧನ್ಯವಾದ. ಶನಿವಾರ, ಭಾನುವಾರ ಎರಡೂ ಪರೀಕ್ಷೆ ಮಾಡಿದೆವು, ವರದಿ ಒಪ್ಪಿಸುತ್ತೇನೆ.

ಶನಿವಾರ ನೊವೆನಾ ಆದಮೇಲೆ ಫ್ಲಡ್ ಲೈಟ್ ಎಲ್ಲ ಆರಿಸಿ, 18 ವ್ಯಾಟಿನ ಎರಡು ಸ್ಪಾಟ್ ಬಿದಿರಿಗೆ ಕಟ್ಟಿ ಹಿಡಿದೆವು. ಮೊದಲ ಸಲ ಎಡಗಡೆಯದು ಮಾತ್ರ ಉರಿಸಿದಾಗ ಮೈಕಿನ ನೆರಳು ಸರಿಯಾಗಿ ಪುಸ್ತಕದ ಸಾಲಿನ ಮೇಲೆ ಬಿತ್ತು, ಓದುತ್ತಿದ್ದ ಹುಡುಗಿ ಪುಸ್ತಕವನ್ನು ಅತ್ತಿತ್ತ ಸರಿಸುತ್ತಾ ಓದಿದಳು. ಎರಡನೆಯದೂ ಉರಿಸಿದ ಮೇಲೆ ನೆರಳು ತೆಳುವಾಯಿತು. ಹಿಂದಿನ ಬೆಂಚಿನಲ್ಲಿ 81 ವರ್ಷದ ಒಬ್ಬರು ಅಜ್ಜಿಯನ್ನು ಕೂರಿಸಿದ್ದೆವು. ಲೈಟಿನ ಬಗ್ಗೆ ಕೇಳಿದರೆ ಅವರು ಹೇಳಿದ್ದು, "ಈಗ ಕಿವಿ ಚೆನ್ನಾಗಿ ಕೇಳಿಸುತ್ತಿದೆ". ಮೈಕ್ ಮುಟ್ಟಿರಲಿಲ್ಲ. ತುಟಿ ಕಂಡದ್ದಕ್ಕೆ ಇರಬೇಕು.

ಆದರೆ ಅಜ್ಜಿಗೆ ಕೈಯಲ್ಲಿದ್ದ ಹಾಡಿನ ಪುಸ್ತಕ ಕಾಣಲಿಲ್ಲ. ಫ್ಲಡ್ ಲೈಟ್ ಒಂದನ್ನು ಮಾಡಿನ ಕಡೆ ತಿರುಗಿಸಿ ನೋಡಿದೆವು, ಬೆಳಕೆಲ್ಲ ಹೆಂಚಿಗೆ ಹೋಗಿ ಅಲ್ಲೇ ಉಳಿಯಿತು. ನೂರು ವ್ಯಾಟ್‌ಗೆ ಜೇಡರ ಬಲೆ ಮಾತ್ರ ಚೆನ್ನಾಗಿ ಕಂಡಿತು.

ಭಾನುವಾರ ದುಂಡು ಕಿಟಕಿಗೆ ಒಂದು ಬಿಳಿ ಪಂಚೆ ಕಟ್ಟಿದೆವು. ನಾಲ್ಕನೇ ಬೆಂಚಿನವರು ಸೆರಗು ಹಿಂದೆ ಸರಿಸಿದರು. ಫಾದರ್ ಮುಖ ಕಂಡಿತು. ಪೂಜೆ ಮುಗಿದ ಮೇಲೆ ಹಿರಿಯರೊಬ್ಬರು ಬಂದು "ಸೂರ್ಯನಿಗೂ ಪಂಚೆ ಉಡಿಸಿದಿರಾ" ಅಂತ ಬೈದು ಹೋದರು, ಅವರ ಅಪ್ಪನ ಕಾಲದಿಂದ ಆ ಕಿಟಕಿಯ ಬೆಳಕು ಬರುತ್ತಿತ್ತಂತೆ. ಪಂಚೆ ಇಳಿಸಿದ್ದೇವೆ. ಅದಕ್ಕೇನು ಮಾಡೋಣ ಸರ್?

ದಾನ ಕೊಟ್ಟವರನ್ನು ಫಾದರೇ ಮಾತಾಡಿಸಿದರು. ಗೇಟಿಗೆ ಹಾಕುವುದು ಅಂದಾಗ ಮುಖ ಸ್ವಲ್ಪ ಸಪ್ಪೆ ಆಯಿತು, ಸಮಾಧಿ ದಾರಿ ಅಂದಾಗ ಒಪ್ಪಿದರು. ಅವರ ತಾಯಿ ಅಲ್ಲಿದ್ದಾರೆ.

ಪಕಾಸಿ ರೀಪು

ಪಂಚೆ ಬೇಡ, ಕಿಟಕಿಯನ್ನು ಮುಚ್ಚುವುದೂ ಬೇಡ. ಸಾದಾ ಗಾಜು ತೆಗೆದು ಮಸುಕು ಗಾಜು ಹಾಕಿಸಿ, ಬಿಸಿಲಿನ ಕೋಲು ಹರಡಿಹೋಗುತ್ತದೆ, ಸೂರ್ಯ ಬಂದದ್ದು ಮಾತ್ರ ಗೊತ್ತಾಗುತ್ತದೆ. ಆಮೇಲೆ ಬೇಸಿಗೆಯಲ್ಲಿ ಗೋಡೆಗೆ ಬಿಳಿ ಬಳಿದು ಮೇಲಿನ ಗಾಜಿನ ಹೆಂಚಿನ ಬೆಳಕು ಬಿದ್ದಾಗ ಕಿಟಕಿಗೂ ಗೋಡೆಗೂ ಈಗಿನಷ್ಟು ವ್ಯತ್ಯಾಸ ಇರುವುದಿಲ್ಲ.

ಅಜ್ಜಿಯ ಪುಸ್ತಕಕ್ಕೆ, ಎರಡೂ ಗೋಡೆಯ ತಲೆ ಮೇಲಿಂದ ಕೆಳಕ್ಕೆ ನೋಡುವ 20 ವ್ಯಾಟಿನ ಲೈಟು, ಪಕ್ಕಕ್ಕೆ ಎಂಟರಂತೆ. ಪ್ರತಿಯೊಂದಕ್ಕೂ ಮುಂದೆ ಒಂದು ಗೇಣು ತಗಡಿನ ಮರೆ, ಬೆಂಚಿನಲ್ಲಿ ಕೂತಾಗ ದೀಪ ಕಾಣಬಾರದು. 16 ಲೈಟು, 320 ವ್ಯಾಟು, ನಿಮ್ಮ ಫ್ಲಡ್ ಲೈಟಿನ ಅರ್ಧ ಚಿಲ್ಲರೆ. ಕ್ರಿಸ್‌ಮಸ್ ಒಳಗೆ ಸ್ಪಾಟು ಮತ್ತು ಇವು ಆಗುತ್ತವೆ. ಹೆಂಚಿನ ಕೆಲಸ ಮಾರ್ಚ್ ಏಪ್ರಿಲ್‌ನಲ್ಲಿ ಹೇಗೂ ಮಾಡು ರಿಪೇರಿಗೆ ಜನ ಹತ್ತುತ್ತಾರಲ್ಲ, ಆಗ ಒಟ್ಟಿಗೆ.

ಸಾಗರದ ವೈರಿಂಗ್

ತಗಡಿನ ಮರೆಗೆ ಅಂಗಡಿಗೆ ಹೋಗಬೇಡಿ ಅಣ್ಣ, ಊರಿನ ವೆಲ್ಡಿಂಗ್ ಶಾಪಿನಲ್ಲಿ ಮಾಡಿಸಿ. ಒಳಗಡೆ ಕಪ್ಪು ಮ್ಯಾಟ್ ಪೇಂಟ್ ಹೊಡೆಸಿ, ಬಿಳಿ ಹೊಡೆದರೆ ಮರೆಯೇ ಹೊಳೆಯುತ್ತದೆ. ಮತ್ತೆ ಆ ಜೇಡರ ಬಲೆ ಹೇಗೂ ಕಂಡಿದೆ, ಏಣಿ ಇಳಿಸುವ ಮೊದಲು ಗುಡಿಸಿಬಿಡಿ.

ಕಪಿಸೈನ್ಯ

ಜಾಲರಿ ಮರೆಯಬೇಡಿ.